ನೆಫರ್ಟಿಟಿಯ ಮುಖ ಬರ್ಲಿನ್‌ನಲ್ಲಿ, ಬದುಕು ಈಜಿಪ್ಟ್‌ನಲ್ಲಿ

2025ರ ನವೆಂಬರ್ 1ರಂದು ಗೀಜಾದ ಪಿರಮಿಡ್‌ಗಳ ಹತ್ತಿರ ಗ್ರ್ಯಾಂಡ್ ಈಜಿಪ್ಶಿಯನ್ ಮ್ಯೂಸಿಯಂ ಅಧಿಕೃತವಾಗಿ ಬಾಗಿಲು ತೆರೆಯಿತು. ಪ್ರಾಚೀನ ಈಜಿಪ್ಟ್‌ನ ರಾಜ ಟುಟಾಂಖಾಮನ್‌ನ ಗೋರಿಯಲ್ಲಿ ಸಿಕ್ಕ 5,000ಕ್ಕೂ ಹೆಚ್ಚು ವಸ್ತುಗಳು ಮೊದಲ ಸಲ ಅಲ್ಲಿ ಒಟ್ಟಿಗೆ ಸೇರಿವೆ. ಚಿನ್ನದ ಮುಖವಾಡ, ರಥಗಳು, ಚಪ್ಪಲಿಗಳು, ಊರುಗೋಲುಗಳು. ಅವನ ಚಿನ್ನದ ಸಿಂಹಾಸನದ ಬೆನ್ನಿನ ಮೇಲೆ ಒಂದು ಚಿತ್ರವಿದೆ. ಎಳೆ ವಯಸ್ಸಿನ ರಾಣಿ ಅಂಖೆಸೆನಾಮುನ್ ಗಂಡನ ಭುಜಕ್ಕೆ ಸುಗಂಧದೆಣ್ಣೆ ಹಚ್ಚುತ್ತಿದ್ದಾಳೆ.

ಆ ಹುಡುಗಿಯ ತಾಯಿ ನೆಫರ್ಟಿಟಿ. ಅಳಿಯನ ಸಾಮಾನೆಲ್ಲ ಒಂದು ಸೂರಿನಡಿ ಬಂದಿದೆ. ಅತ್ತೆಯ ಮುಖ ಮಾತ್ರ ಸುಮಾರು 2,900 ಕಿ.ಮೀ. ದೂರದ ಬರ್ಲಿನ್‌ನಲ್ಲಿದೆ.

ಈ ಹೊಸ ಮ್ಯೂಸಿಯಂ ತೆರೆದ ಮೇಲೆ ಹಳೆಯ ಬೇಡಿಕೆಗೆ ಮತ್ತೆ ಜೀವ ಬಂದಿದೆ. ಈಜಿಪ್ಟ್‌ನ ಮಾಜಿ ಪುರಾತತ್ವ ಸಚಿವ ಜಾಹಿ ಹವಾಸ್ 2024ರಲ್ಲೇ ಆನ್‌ಲೈನ್ ಸಹಿ ಸಂಗ್ರಹ ಶುರು ಮಾಡಿದ್ದರು. ಬೇಡಿಕೆ ಒಂದೇ: ನೆಫರ್ಟಿಟಿಯ ಶಿಲ್ಪವನ್ನು ವಾಪಸ್ ಕೊಡಿ. ಜರ್ಮನಿಯ ಉತ್ತರವೂ ಹಳೆಯದೇ. ಅದು ಕಾನೂನು ಪ್ರಕಾರ ನಮ್ಮ ಪಾಲಿಗೆ ಬಂದದ್ದು, ಕೊಡುವ ಪ್ರಶ್ನೆಯೇ ಇಲ್ಲ.

ಈ ವಾದವನ್ನು ಓದುವಾಗಲೆಲ್ಲ ನನಗೆ ಒಂದು ಕೊರತೆ ಕಾಣುತ್ತದೆ. ಮಾತೆಲ್ಲ ಆ 48 ಸೆಂ.ಮೀ. ಎತ್ತರದ ಶಿಲ್ಪದ ಬಗ್ಗೆ. ಆ ಹೆಣ್ಣಿನ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ಮುಖ ಎಲ್ಲಿರಬೇಕು ಅಂತ ಹೇಳುವ ಮೊದಲು ಅದು ಯಾರ ಮುಖ ಅಂತ ತಿಳಿಯಬೇಕು, ಅಲ್ವಾ?

ಯಾರ ಮನೆಯ ಮಗಳು

ನೆಫರ್ಟಿಟಿ ಅಂದರೆ 'ಚೆಲುವೆ ಬಂದಳು' ಎಂದು ಅರ್ಥ. ಈಜಿಪ್ಟ್‌ನ 18ನೇ ರಾಜವಂಶದ ಅಖೆನಾತನ್‌ನ ಪಟ್ಟದ ರಾಣಿ ಅವಳು. ಅವನು ಆಳಿದ್ದು ಸುಮಾರು ಕ್ರಿ.ಪೂ. 1353ರಿಂದ 1336ರವರೆಗೆ.

ಅವಳ ತಂದೆ ತಾಯಿ ಯಾರು ಎಂದು ಯಾವ ಶಾಸನವೂ ಹೇಳುವುದಿಲ್ಲ. ಆದರೆ ಒಂದು ಸುಳಿವಿದೆ. ರಾಜನ ಮಗಳಾಗಿದ್ದರೆ 'ರಾಜಪುತ್ರಿ' ಎಂಬ ಬಿರುದು ಅವಳ ಹೆಸರಿನ ಜೊತೆ ಬರಲೇಬೇಕಿತ್ತು. ಎಷ್ಟೋ ಬಿರುದುಗಳಿವೆ, ಇದೊಂದು ಮಾತ್ರ ಇಲ್ಲ. ಹಾಗಾಗಿ ಅವಳು ರಾಜಮನೆತನದವಳಲ್ಲ, ಆಸ್ಥಾನದ ದೊಡ್ಡ ಮನೆತನವೊಂದರ ಮಗಳು ಎಂದು ವಿದ್ವಾಂಸರು ತೀರ್ಮಾನಿಸುತ್ತಾರೆ. ಅವಳಿಗೆ ಒಬ್ಬ ಸಹೋದರಿ ಇದ್ದದ್ದು ಅಖೆನಾತನ್‌ನ ರಾಜಧಾನಿ ಅಮರ್ನಾದ ಗೋರಿಗಳ ಚಿತ್ರಗಳಿಂದ ಗೊತ್ತು. ಅಯ್ ಎಂಬ ದೊಡ್ಡ ಅಧಿಕಾರಿಯ ಹೆಂಡತಿ ಟೇ ಅವಳನ್ನು ಸಾಕಿದ ದಾದಿ. ಟೇ ತಾಯಿಯೇ ಆಗಿದ್ದರೆ ತಾಯಿ ಅಂತಲೇ ಬರೆಸಿಕೊಳ್ಳುತ್ತಿದ್ದಳು. ಆದ್ದರಿಂದ ಅಯ್‌ನ ಮೊದಲ ಹೆಂಡತಿಯ ಮಗಳು ನೆಫರ್ಟಿಟಿ ಇರಬಹುದು ಎಂಬುದು ಒಂದು ಊಹೆ. 'ಬಂದಳು' ಎಂಬ ಪದ ನೋಡಿ ಅವಳು ಹೊರದೇಶದ ರಾಜಕುಮಾರಿ ಎಂದು ಹಿಂದೆ ಕೆಲವರು ಹೇಳಿದ್ದರು. ಸಾಕಿದ ದಾದಿಯೇ ಈಜಿಪ್ಟ್‌ನವಳು ಎಂದಮೇಲೆ ಆ ಮಾತಿಗೆ ಬಲ ಉಳಿಯಲಿಲ್ಲ.

ಇಲ್ಲಿ ಅವಳ ಅತ್ತೆಯ ಕಥೆ ನೋಡಬೇಕು. ಅಖೆನಾತನ್‌ನ ತಾಯಿ ತಿಯೆ ಕೂಡ ರಾಜವಂಶದವಳಲ್ಲ. ಆದರೆ ಅವಳ ಗಂಡ ಮೂರನೇ ಅಮೆನ್‌ಹೊಟೆಪ್ ಅದನ್ನು ಮುಚ್ಚಿಡಲಿಲ್ಲ. ಜೀರುಂಡೆಯಾಕಾರದ ಸಣ್ಣ ಸಣ್ಣ ಮುದ್ರೆಗಳನ್ನು ಮಾಡಿಸಿ, ಇವಳ ತಂದೆ ಯುಯಾ, ತಾಯಿ ತುಯಾ, ಇವಳು ಬಲಶಾಲಿ ರಾಜನ ಹೆಂಡತಿ ಎಂದು ಬರೆಸಿ ಹಂಚಿದ. ಸೊಸೆಯ ವಿಷಯದಲ್ಲಿ ಹಾಗಾಗಲಿಲ್ಲ. ನೆಫರ್ಟಿಟಿಯ ತವರಿನ ಹೆಸರು ಎಲ್ಲೂ ಇಲ್ಲ. ಅವಳಿಗೆ ಸಿಕ್ಕ ಸ್ಥಾನ ಮಾತ್ರ ಅತ್ತೆಗೆ ಸಿಕ್ಕಿದ್ದಕ್ಕಿಂತ ದೊಡ್ಡದು.

ಒಡೆದ ಕಲ್ಲುಗಳು ಹೇಳಿದ್ದು

ಆಳ್ವಿಕೆಯ ಮೊದಲ ವರ್ಷಗಳಲ್ಲಿ ಅಖೆನಾತನ್ ಥೀಬ್ಸ್ ನಗರದ ಕಾರ್ನಾಕ್‌ನಲ್ಲಿ ಸೂರ್ಯದೇವ ಆತನ್‌ಗೆ ಗುಡಿಗಳನ್ನು ಕಟ್ಟಿಸಿದ. ಬೇಗ ಮುಗಿಯಲೆಂದು ಸಣ್ಣ ಕಲ್ಲುಗಳನ್ನು ಬಳಸಿದರು. ಒಂದೊಂದು ಸುಮಾರು 52 ಸೆಂ.ಮೀ. ಉದ್ದ, ಒಬ್ಬ ಆಳು ಹೊರುವಷ್ಟು. ಇವನ್ನು ತಲತಾತ್ ಅನ್ನುತ್ತಾರೆ. ಬೇಗ ಕಟ್ಟಿದ್ದನ್ನು ಬೇಗ ಕೆಡವಬಹುದು. ಮುಂದೆ ಹೊರೆಮ್‌ಹೆಬ್ ಎಂಬ ರಾಜ ಈ ಗುಡಿಗಳನ್ನು ಕೆಡವಿಸಿ, ಕಲ್ಲುಗಳನ್ನು ತನ್ನ ಹೆಬ್ಬಾಗಿಲುಗಳ ಒಳಗೆ ತುಂಬಿಸಿದ. ಅವನಿಗೆ ಬೇಕಿದ್ದದ್ದು ಆ ನೆನಪು ಅಳಿಯುವುದು. ಗೋಡೆಯ ಒಳಗೆ ಬಿಸಿಲು, ಗಾಳಿ ತಾಗದೆ ಚಿತ್ರಗಳು 3,200 ವರ್ಷ ಹಾಗೇ ಉಳಿದವು.

1966ರಲ್ಲಿ ಅಮೆರಿಕದ ರೇ ವಿನ್‌ಫೀಲ್ಡ್ ಸ್ಮಿತ್ ಒಂದು ಯೋಜನೆ ಶುರು ಮಾಡಿದರು. ಈ ಕಲ್ಲುಗಳ ಹತ್ತಾರು ಸಾವಿರ ಫೋಟೊ ತೆಗೆದು, ಅಂದಿನ ಕಂಪ್ಯೂಟರ್‌ಗೆ ಮಾಹಿತಿ ತುಂಬಿ, ಯಾವ ಕಲ್ಲು ಯಾವುದರ ಪಕ್ಕ ಕೂರುತ್ತದೆ ಎಂದು ಹೊಂದಿಸಲು ಹೊರಟರು. ಚಿತ್ರಗಳು ಕೂಡಿದಾಗ ಕಂಡದ್ದು ಎಲ್ಲರಿಗೂ ಆಶ್ಚರ್ಯ ತಂದಿತು. ಕಾರ್ನಾಕ್‌ನ ಈ ಕಲ್ಲುಗಳಲ್ಲಿ ನೆಫರ್ಟಿಟಿ ರಾಜನಿಗಿಂತ ಹೆಚ್ಚು ಸಲ ಕಾಣಿಸುತ್ತಾಳೆ, ಹತ್ತಿರ ಹತ್ತಿರ ಎರಡು ಪಟ್ಟು. ಹುತ್-ಬೆನ್‌ಬೆನ್ ಎಂಬ ಗುಡಿಯಲ್ಲಂತೂ ರಾಜನೇ ಇಲ್ಲ. ಅವಳು, ಅವಳ ಹಿಂದೆ ಪುಟ್ಟ ಮಗಳು ಮೆರಿತಾತನ್. ಇಬ್ಬರೇ ದೇವರಿಗೆ ನೈವೇದ್ಯ ಕೊಡುತ್ತಿದ್ದಾರೆ.

ಇದು ಯಾಕೆ ದೊಡ್ಡ ವಿಷಯ ಎಂದರೆ, ಈಜಿಪ್ಟ್‌ನಲ್ಲಿ ದೇವರ ಎದುರು ನಿಂತು ಅರ್ಪಿಸುವುದು ರಾಜನ ಕೆಲಸ. ಅರ್ಚಕರು ಮಾಡುವುದೂ ಅವನ ಪರವಾಗಿಯೇ. ಆ ಜಾಗದಲ್ಲಿ ಅವಳು ನಿಂತಿದ್ದಾಳೆ. ಬಾಸ್ಟನ್‌ನ ಮ್ಯೂಸಿಯಂನಲ್ಲಿ ಇನ್ನೊಂದು ಕಲ್ಲಿದೆ. ದೋಣಿಯ ಮೇಲೆ ನೆಫರ್ಟಿಟಿ ಶತ್ರುವಿನ ಜುಟ್ಟು ಹಿಡಿದು ಆಯುಧ ಎತ್ತಿದ್ದಾಳೆ. ಈ ಭಂಗಿ ಈಜಿಪ್ಟ್‌ನಲ್ಲಿ ಮೊದಲಿನಿಂದಲೂ ರಾಜರಿಗೆ ಮೀಸಲು.

ಆಳ್ವಿಕೆಯ 5ನೇ ವರ್ಷದ ಹೊತ್ತಿಗೆ ದಂಪತಿ ಥೀಬ್ಸ್ ಬಿಟ್ಟು, ಮರಳುಗಾಡಿನ ಅಂಚಿನಲ್ಲಿ ಹೊಸ ರಾಜಧಾನಿ ಕಟ್ಟಲು ಹೊರಟರು. ಅದೇ ಅಖೆತಾತನ್, ಇಂದಿನ ಅಮರ್ನಾ. ಊರಿನ ಸುತ್ತ ಬೆಟ್ಟದ ಬಂಡೆಗಳಲ್ಲಿ ಗಡಿಕಲ್ಲುಗಳನ್ನು ಕೆತ್ತಿಸಿದರು. ಆ ಶಾಸನದಲ್ಲಿ ರಾಣಿಯ ಬಗ್ಗೆ ತುಂಬ ಸೊಗಸಾದ ಸಾಲುಗಳಿವೆ. ಅವಳು ಚೆಲುವಾದ ಮುಖದವಳು, ಸಂತೋಷದ ಒಡತಿ, ಅವಳ ದನಿ ಕೇಳಿದರೆ ಮನಸ್ಸು ಹಿಗ್ಗುತ್ತದೆ ಎಂದು.

ನನಗೆ ಅದಕ್ಕಿಂತ ಇಷ್ಟವಾದದ್ದು ಅದೇ ಶಾಸನದ ಇನ್ನೊಂದು ಮಾತು. ಇದೇ ಜಾಗದಲ್ಲಿ ಊರು ಕಟ್ಟುತ್ತೇನೆ, ಬೇರೆ ಕಡೆ ಇದಕ್ಕಿಂತ ಒಳ್ಳೆಯ ಜಾಗ ಇದೆ ಎಂದು ರಾಣಿ ಹೇಳಿದರೂ ಕೇಳುವುದಿಲ್ಲ ಎಂದು ರಾಜ ಆಣೆ ಮಾಡುತ್ತಾನೆ. ಯೋಚಿಸಿ ನೋಡಿ. ಅವಳ ಮಾತಿಗೆ ಬೆಲೆ ಇಲ್ಲದಿದ್ದರೆ ಇಂಥ ಆಣೆ ಯಾಕೆ ಬೇಕಿತ್ತು? ಆಸ್ಥಾನದಲ್ಲಿ ಅವನ ಮನಸ್ಸನ್ನು ತಿರುಗಿಸಬಲ್ಲವಳು ಅವಳು ಎಂಬುದು ಎಲ್ಲರಿಗೂ ಗೊತ್ತಿತ್ತು.

ಅವಳಿಗೆ ಆರು ಹೆಣ್ಣುಮಕ್ಕಳು. ಎರಡನೆಯವಳು ಮೆಕೆತಾತನ್ ಚಿಕ್ಕವಳಿದ್ದಾಗಲೇ ತೀರಿಕೊಂಡಳು. ಅಮರ್ನಾದ ರಾಜಗೋರಿಯ ಗೋಡೆಯಲ್ಲಿ ಆ ದೃಶ್ಯವಿದೆ. ತಂದೆ ತಾಯಿ ಮಗಳ ಹೆಣದ ಮುಂದೆ ಅಳುತ್ತಾ ನಿಂತಿದ್ದಾರೆ. ಫೇರೋ ಮತ್ತು ಅವನ ರಾಣಿ ಹೀಗೆ ದುಃಖಪಡುವುದನ್ನು ಕೆತ್ತಿದ್ದು ಅದಕ್ಕೆ ಮುಂಚೆ ಕಾಣುವುದಿಲ್ಲ. ಗೋಡೆ ಈಗ ತುಂಬ ಹಾಳಾಗಿದೆ.

ಈ ರಾಜಧಾನಿಯನ್ನು ಸುಮ್ನೆ ಹೊಗಳಲೂ ನನ್ನಿಂದ ಆಗದು. ಪುರಾತತ್ವಜ್ಞ ಬ್ಯಾರಿ ಕೆಂಪ್ ಅವರ ತಂಡ 2006ರಿಂದ ಅಮರ್ನಾದ ಸಾಮಾನ್ಯ ಜನರ ಸ್ಮಶಾನವನ್ನು ಅಗೆಯಿತು. ಅಲ್ಲಿ ಸಿಕ್ಕ ಮೂಳೆಗಳಲ್ಲಿ ಭಾರ ಹೊತ್ತು ಸವೆದ ಬೆನ್ನುಮೂಳೆಗಳಿವೆ, ಅರೆಹೊಟ್ಟೆಯ ಗುರುತುಗಳಿವೆ. ಎಳೆ ವಯಸ್ಸಿನಲ್ಲೇ ಸತ್ತವರು ಬಹಳ. ಸಂತೋಷದ ಒಡತಿಯ ಊರನ್ನು ಕಟ್ಟಿದವರು ಇವರು.

ಕಾಣೆಯಾದಳೇ?

ಬಹಳ ಕಾಲ ಪುಸ್ತಕಗಳಲ್ಲಿ ಒಂದೇ ಕಥೆ ಓಡಿತು. ಆಳ್ವಿಕೆಯ 12ನೇ ವರ್ಷದ ನಂತರ ನೆಫರ್ಟಿಟಿಯ ಹೆಸರು ಇಲ್ಲ, ಗಂಡ ಅವಳನ್ನು ದೂರ ಮಾಡಿದ, ಅಥವಾ ಅವಳು ಸತ್ತಳು. 2012ರಲ್ಲಿ ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದ ತಂಡ ಹೊರತಂದ ಒಂದು ಬರಹ ಇದನ್ನು ಮುರಿಯಿತು. ಅಮರ್ನಾದ ಉತ್ತರಕ್ಕೆ, ದೇರ್ ಅಬು ಹಿನ್ನಿಸ್ ಬಳಿಯ ಕಲ್ಲುಗಣಿಯ ಗೋಡೆಯಲ್ಲಿ ಕೆಲಸದ ಲೆಕ್ಕ ಬರೆದ ಕೆಲವು ಮಸಿಯ ಸಾಲುಗಳಿವೆ. ಅದರಲ್ಲಿ ದಿನಾಂಕ 16ನೇ ವರ್ಷದ್ದು. ಪಟ್ಟದ ರಾಣಿ ನೆಫರ್ಟಿಟಿಯ ಹೆಸರು ಸ್ಪಷ್ಟವಾಗಿ ಇದೆ. ಅಂದರೆ ಗಂಡ ಸಾಯುವ ಒಂದು ವರ್ಷ ಮುಂಚೆಯೂ ಅವಳು ಅದೇ ಸ್ಥಾನದಲ್ಲಿದ್ದಳು.

ಆಮೇಲೆ? ಅಖೆನಾತನ್‌ಗೂ ಟುಟಾಂಖಾಮನ್‌ಗೂ ನಡುವೆ ನೆಫರ್‌ನೆಫರುವಾತನ್ ಎಂಬ ಹೆಸರಿನ ಒಬ್ಬ ಹೆಣ್ಣು ಫೇರೋ ಆಳಿದ್ದಾಳೆ. 'ಗಂಡನಿಗೆ ಒಳಿತು ಮಾಡುವವಳು' ಎಂದು ಅವಳ ಬಿರುದು. ನೆಫರ್‌ನೆಫರುವಾತನ್ ಎಂಬುದು ನೆಫರ್ಟಿಟಿ ಹೊಸ ಊರಿಗೆ ಬರುವ ಹೊತ್ತಿಗೆ ತನ್ನ ಹೆಸರಿನ ಮುಂದೆ ಸೇರಿಸಿಕೊಂಡ ಹೆಸರು ಕೂಡ ಹೌದು. ಅವಳೇ ಇವಳು ಎಂದು ಹಲವರು, ಅಲ್ಲ, ಇವಳು ಹಿರಿಮಗಳು ಮೆರಿತಾತನ್ ಎಂದು ಕೆಲವರು. ನನಗೆ ಮೊದಲನೆಯದೇ ಹೆಚ್ಚು ಸರಿ ಅನ್ನಿಸುತ್ತದೆ. ನೈವೇದ್ಯ ಕೊಟ್ಟವಳು, ಆಯುಧ ಎತ್ತಿದವಳು ಕಿರೀಟದವರೆಗೆ ನಡೆದದ್ದು ಸಹಜವಾಗಿಯೇ ಕಾಣುತ್ತದೆ. ಅವಳ ಗೋರಿಗಾಗಿ ಹುಡುಕಾಟವೂ ನಿಂತಿಲ್ಲ. ಟುಟಾಂಖಾಮನ್ ಗೋರಿಯ ಗೋಡೆಯ ಹಿಂದೆ ಅವಳಿದ್ದಾಳೆ ಎಂದು 2015ರಲ್ಲಿ ಪುರಾತತ್ವಜ್ಞ ನಿಕೋಲಸ್ ರೀವ್ಸ್ ವಾದಿಸಿದರು. 2018ರಲ್ಲಿ ಇಟಲಿಯ ತಂಡ ರೇಡಾರ್‌ನಿಂದ ತಪಾಸಣೆ ಮಾಡಿ ಅಲ್ಲಿ ಗುಪ್ತ ಕೋಣೆ ಇಲ್ಲ ಎಂದಿತು.

ಉಗ್ರಾಣದಲ್ಲಿ ಬಿಟ್ಟುಹೋದ ಮುಖ

ಆತನ್‌ಗಾಗಿ ಅಖೆನಾತನ್ ಬದಿಗೆ ಸರಿಸಿದ್ದ ಹಳೆಯ ದೇವರುಗಳು ಟುಟಾಂಖಾಮನ್ ಕಾಲದಲ್ಲಿ ವಾಪಸ್ ಬಂದರು, ಅಮರ್ನಾ ಖಾಲಿಯಾಯಿತು. ಊರು ಬಿಡುವವರು ಬೇಕಾದ್ದನ್ನು ಹೊತ್ತುಕೊಂಡು ಹೋಗುತ್ತಾರೆ, ಬೇಡದ್ದನ್ನು ಬಿಡುತ್ತಾರೆ. ಶಿಲ್ಪಿ ಥುತ್‌ಮೋಸ್‌ನ ಮನೆಯಲ್ಲಿ ಬೇಡದ್ದು ಎಂದರೆ ಹೋದ ರಾಜನ ಮನೆಯವರ ಮಾದರಿ ತಲೆಗಳು. ಅವನ್ನು ಸಣ್ಣ ಕೋಣೆಯೊಂದರಲ್ಲಿ ಬಿಟ್ಟುಹೋದ.

1912ರ ಡಿಸೆಂಬರ್ 6ರಂದು ಲುಡ್ವಿಗ್ ಬೋರ್ಖಾರ್ಟ್ ಅವರ ಜರ್ಮನ್ ತಂಡ ಅಲ್ಲಿ ಅಗೆಯುತ್ತಿತ್ತು. ಮಣ್ಣು ಬಿಡಿಸಿ ಶಿಲ್ಪವನ್ನು ಹೊರತೆಗೆದದ್ದು ಈಜಿಪ್ಟ್‌ನ ಕೆಲಸಗಾರರು. ಬಣ್ಣ ಈಗಷ್ಟೇ ಹಚ್ಚಿದ ಹಾಗಿತ್ತು. ವರ್ಣಿಸಿ ಪ್ರಯೋಜನ ಇಲ್ಲ, ನೋಡಬೇಕು ಎಂದು ಬೋರ್ಖಾರ್ಟ್ ದಿನಚರಿಯಲ್ಲಿ ಬರೆದರು. ಶಿಲ್ಪದ ಮೇಲೆ ಹೆಸರಿಲ್ಲ. ಆ ಎತ್ತರದ, ಮೇಲೆ ಚಪ್ಪಟೆಯಾದ ನೀಲಿ ಕಿರೀಟ ನೆಫರ್ಟಿಟಿಯದು ಎಂಬುದರಿಂದ ಗುರುತು ಸಿಕ್ಕಿತು.

ಈಗಿನ ಜಗಳದ ಬೇರು 1913ರ ಜನವರಿ 20ರಲ್ಲಿದೆ. ಅಂದಿನ ನಿಯಮದಂತೆ ಅಗೆದು ಸಿಕ್ಕಿದ್ದನ್ನು ಎರಡು ಪಾಲು ಮಾಡಬೇಕಿತ್ತು, ಅರ್ಧ ಈಜಿಪ್ಟ್‌ಗೆ, ಅರ್ಧ ಅಗೆದವರಿಗೆ. ಆಗ ದೇಶ ಬ್ರಿಟಿಷರ ಹಿಡಿತದಲ್ಲಿತ್ತು. ಪುರಾತತ್ವ ಇಲಾಖೆ ನಡೆಸುತ್ತಿದ್ದವರು ಫ್ರೆಂಚರು. ಪಾಲು ಮಾಡಲು ಬಂದ ಅಧಿಕಾರಿ ಗುಸ್ತಾವ್ ಲೆಫೆವ್ರ್ ಕೂಡ ಫ್ರೆಂಚ್. ಈಜಿಪ್ಟ್‌ನ ಪಾಲಿಗೆ ಬಂದ ಮುಖ್ಯ ವಸ್ತು ರಾಜದಂಪತಿ ಮಕ್ಕಳ ಜೊತೆ ಇರುವ ಒಂದು ಕೆತ್ತನೆ. ಜರ್ಮನ್ನರ ಪಾಲಿಗೆ ಈ ಶಿಲ್ಪ.

ಅಂದು ಅಲ್ಲೇ ಇದ್ದ ಜರ್ಮನ್ ಓರಿಯಂಟ್ ಸಂಘದ ಕಾರ್ಯದರ್ಶಿ 1924ರಲ್ಲಿ ಬರೆದ ಟಿಪ್ಪಣಿ 2009ರಲ್ಲಿ ಬೆಳಕಿಗೆ ಬಂತು. ಬೋರ್ಖಾರ್ಟ್ ಇದನ್ನು ಜರ್ಮನಿಗೆ ಉಳಿಸಿಕೊಳ್ಳಲು ಬಯಸಿದ್ದರು, ಪಟ್ಟಿಯಲ್ಲಿ ಗಾರೆಯಲ್ಲಿ ಮಾಡಿದ ರಾಜಕುಮಾರಿಯ ಶಿಲ್ಪ ಎಂದು ಕಾಣಿಸಿದ್ದರು ಎಂದು ಅದರಲ್ಲಿದೆ. ನಿಜಕ್ಕೂ ಒಳಗೆ ಸುಣ್ಣಕಲ್ಲು, ಮೇಲೆ ಗಾರೆಯ ಲೇಪ. ರಾಜಕುಮಾರಿಯಂತೂ ಅಲ್ಲ.

ಶಿಲ್ಪವನ್ನು ನೋಡಿಕೊಳ್ಳುವ ಪ್ರಷ್ಯನ್ ಸಾಂಸ್ಕೃತಿಕ ಪರಂಪರೆ ಪ್ರತಿಷ್ಠಾನದ ವಾದವನ್ನೂ ಕೇಳಬೇಕು. ಪಟ್ಟಿಯಲ್ಲಿ ಅದು ಮೊದಲನೆಯದೇ ಆಗಿತ್ತು, ಅಧಿಕಾರಿ ಬೇಕಿದ್ದರೆ ಹತ್ತಿರದಿಂದ ನೋಡಬಹುದಿತ್ತು, ಒಪ್ಪಿ ಸಹಿ ಮಾಡಿದ್ದಾರೆ, ಹಾಗಾಗಿ ಇದು ಕಳವಲ್ಲ. ಕಾಗದದ ಮಟ್ಟಿಗೆ ಈ ಮಾತು ಗಟ್ಟಿಯೇ. ಸಾಂಸ್ಕೃತಿಕ ವಸ್ತುಗಳ ಕುರಿತ ಯುನೆಸ್ಕೊ ಒಪ್ಪಂದ 1970ರದ್ದು, ಅದಕ್ಕೂ ಹಿಂದಿನದಕ್ಕೆ ಅನ್ವಯಿಸುವುದಿಲ್ಲ. ನಮ್ಮ ಟಿಪ್ಪುವಿನ ಹುಲಿಯನ್ನು ನೆನೆಸಿಕೊಳ್ಳಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಗೆದ್ದವರು ಹೊತ್ತುಕೊಂಡು ಹೋದದ್ದು ಅದು, ಈಗ ಲಂಡನ್‌ನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಅದು ಯುದ್ಧದ ಲೂಟಿ, ಎಲ್ಲರಿಗೂ ಗೊತ್ತು. ನೆಫರ್ಟಿಟಿಯ ವಿಷಯದಲ್ಲಿ ಸಹಿ ಇದೆ, ಮುದ್ರೆ ಇದೆ. ಆದರೆ ಆ ಸಹಿ ಹಾಕುವ ಹಕ್ಕು ಇದ್ದ ಈಜಿಪ್ಟ್‌ನವರು ಒಬ್ಬರೂ ಆ ದಿನ ಅಲ್ಲಿರಲಿಲ್ಲ. ನನ್ನ ಮಟ್ಟಿಗೆ ಇಡೀ ಪ್ರಶ್ನೆ ನಿಂತಿರುವುದು ಇದರ ಮೇಲೆ.

ಹಣ ಹಾಕಿದವರ ಮನಸ್ಸು ಏನಿತ್ತು ಎಂಬುದನ್ನೂ ಹೇಳಬೇಕು. ಅಗೆತಕ್ಕೆ ದುಡ್ಡು ಕೊಟ್ಟವರು ಬರ್ಲಿನ್‌ನ ಯಹೂದಿ ಬಟ್ಟೆ ವ್ಯಾಪಾರಿ ಜೇಮ್ಸ್ ಸೈಮನ್. ಶಿಲ್ಪ ಮೊದಲು ಅವರ ಮನೆಯಲ್ಲೇ ಇತ್ತು. 1920ರಲ್ಲಿ ಪ್ರಷ್ಯಾ ಸರ್ಕಾರಕ್ಕೆ ದಾನ ಕೊಟ್ಟರು. 1924ರಲ್ಲಿ ಜನರಿಗೆ ತೋರಿಸಿದಾಗ ಈಜಿಪ್ಟ್ ಕೇಳಲು ಶುರು ಮಾಡಿತು, ಜರ್ಮನ್ನರ ಅಗೆತಕ್ಕೆ ತಡೆ ಹಾಕಿತು. ಬದಲಿಗೆ ಬೇರೆ ಶಿಲ್ಪಗಳನ್ನು ಪಡೆದು ಇದನ್ನು ಕೊಡುವ ಮಾತುಕತೆ 1930ರ ಹೊತ್ತಿಗೆ ಮುಗಿಯುವ ಹಂತಕ್ಕೂ ಬಂದಿತ್ತು. ಜರ್ಮನಿಯಲ್ಲಿ ಜನ ಗಲಾಟೆ ಎಬ್ಬಿಸಿದರು, ಸರ್ಕಾರ ಹಿಂದೆ ಸರಿಯಿತು. ಆಗ ಬಹಿರಂಗ ಪತ್ರ ಬರೆದು, ಕೊಟ್ಟ ಮಾತು ಉಳಿಸಿಕೊಳ್ಳಿ ಎಂದವರು ಇದೇ ಸೈಮನ್. ದಾನ ಕೊಟ್ಟವರೇ ಕೊಡಿ ಅಂದಿದ್ದರು. 1933ರಲ್ಲಿ ಮತ್ತೆ ಮಾತು ಬಂದಾಗ ತಡೆದವನು ಹಿಟ್ಲರ್.

ದುರ್ಬಲ ಎಂಬ ನೆಪ

2007ರಲ್ಲಿ ಹವಾಸ್ ಬರಿ ಮೂರು ತಿಂಗಳ ಮಟ್ಟಿಗೆ ಸಾಲವಾಗಿ ಕೇಳಿದ್ದರು. ಪ್ರಯಾಣ ತಡೆದುಕೊಳ್ಳುವ ಸ್ಥಿತಿಯಲ್ಲಿಲ್ಲ ಎಂಬ ಉತ್ತರ ಬಂತು. ಲೇಪಗಳು ಸೂಕ್ಷ್ಮ ಎಂಬುದು ನಿಜ. ಆದರೆ ಇದೇ ಶಿಲ್ಪ ಅಮರ್ನಾದಿಂದ ಬರ್ಲಿನ್‌ಗೆ ಬಂದಿದೆ. ಯುದ್ಧದ ಕೊನೆಗೆ ಮರ್ಕರ್ಸ್‌ನ ಉಪ್ಪಿನ ಗಣಿಯಲ್ಲಿತ್ತು. 1945ರಲ್ಲಿ ಅಮೆರಿಕದ ಸೈನಿಕರಿಗೆ ಸಿಕ್ಕಿ ವೀಸ್‌ಬಾಡೆನ್‌ಗೆ ಹೋಯಿತು. 1956ರಲ್ಲಿ ಪಶ್ಚಿಮ ಬರ್ಲಿನ್‌ಗೆ ಮರಳಿತು. ಆಮೇಲೂ ಊರೊಳಗೇ ಮನೆ ಬದಲಿಸುತ್ತಾ 2009ರಲ್ಲಿ ನೋಯೆಸ್ ಮ್ಯೂಸಿಯಂ ಸೇರಿತು. 2003ರಲ್ಲಿ ಹಂಗೇರಿಯ ಇಬ್ಬರು ಕಲಾವಿದರು ಮಾಡಿದ ಬೆತ್ತಲೆ ಕಂಚಿನ ದೇಹದ ಮೇಲೆ ಸ್ವಲ್ಪ ಹೊತ್ತು ಇದನ್ನು ಕೂರಿಸಿದ್ದೂ ಆಯಿತು. ಈಜಿಪ್ಟ್ ಕೆರಳಿದ್ದರಲ್ಲಿ ಆಶ್ಚರ್ಯವಿಲ್ಲ.

ಬರ್ಲಿನ್‌ನಲ್ಲಿ ಓದುವ, ಕೆಲಸ ಮಾಡುವ ಕನ್ನಡಿಗರು ಅವಳನ್ನು ನೋಡಿರಬಹುದು. ಆ ಕೋಣೆಯಲ್ಲಿ ಫೋಟೊ ತೆಗೆಯಲು ಬಿಡುವುದಿಲ್ಲ. ಮ್ಯೂಸಿಯಂ ಮಾಡಿಸಿದ 3ಡಿ ಸ್ಕ್ಯಾನ್ ಕೂಡ ವರ್ಷಗಟ್ಟಲೆ ಬೀರುವಿನಲ್ಲೇ ಇತ್ತು. ಅಮೆರಿಕದ ಕಾಸ್ಮೊ ವೆನ್‌ಮನ್ ಎಂಬ ಕಲಾವಿದ ಮಾಹಿತಿ ಹಕ್ಕಿನ ಅಡಿ ಪಟ್ಟು ಹಿಡಿದು ಕೇಳಿ, 2019ರಲ್ಲಿ ಅದನ್ನು ಎಲ್ಲರಿಗೂ ಸಿಗುವಂತೆ ಮಾಡಿದರು.

ಇನ್ನೊಂದು ಸ್ಕ್ಯಾನ್ ನನ್ನ ಮನಸ್ಸಿನಲ್ಲಿ ತುಂಬ ದಿನ ಉಳಿಯಿತು. 2006ರಲ್ಲಿ ತೆಗೆದ ಸಿಟಿ ಸ್ಕ್ಯಾನ್‌ನ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಮೇಲಿನ ಗಾರೆಯ ಕೆಳಗೆ ಸುಣ್ಣಕಲ್ಲಿನಲ್ಲಿ ಇನ್ನೊಂದು ಮುಖ ಕೆತ್ತಿದೆ. ಅದರಲ್ಲಿ ಬಾಯಿಯ ಪಕ್ಕ ಸುಕ್ಕುಗಳಿವೆ. ಮೂಗಿನ ಮೇಲೆ ಸಣ್ಣ ಉಬ್ಬಿದೆ. ಕೆನ್ನೆಯ ಮೂಳೆ ಅಷ್ಟು ಎದ್ದು ಕಾಣುವುದಿಲ್ಲ. ಥುತ್‌ಮೋಸ್ ಮೊದಲು ಒಬ್ಬ ನಡುವಯಸ್ಸಿನ ಹೆಂಗಸನ್ನು ಕೆತ್ತಿ, ಆಮೇಲೆ ಗಾರೆ ಬಳಿದು ನಯ ಮಾಡಿದ್ದಾನೆ. ಆರು ಮಕ್ಕಳನ್ನು ಹೆತ್ತು, ಒಬ್ಬಳನ್ನಾದರೂ ಕಳೆದುಕೊಂಡು, ಒಂದು ಧರ್ಮ, ಒಂದು ಊರು ಕಟ್ಟಲು ಕೈಹಾಕಿದವಳ ಮುಖ ಒಳಗಿನದೇ ಇರಬೇಕು. ಅದನ್ನು ಬರ್ಲಿನ್‌ನ ಗಾಜಿನ ಪೆಟ್ಟಿಗೆಯ ಮುಂದೆ ನಿಂತವರು ನೋಡಲಾರರು. ಕಾರ್ನಾಕ್‌ನ ಕಲ್ಲು, ರಾಜಗೋರಿಯ ಗೋಡೆ, ಗಣಿಯ ಮಸಿಯ ಸಾಲು, ಇವುಗಳ ಪಕ್ಕ ಇಟ್ಟಾಗ ಆ ಮುಖಕ್ಕೆ ಬದುಕು ಬರುತ್ತದೆ. ಇವೆಲ್ಲ ಇರುವುದು ಈಜಿಪ್ಟ್‌ನಲ್ಲಿ. ಅದಕ್ಕೇ ಅವಳು ಅಲ್ಲಿರಬೇಕು ಎಂದು ನಾನು ಹೇಳುವುದು.

ಜರ್ಮನಿಗೆ ಇದು ಗೊತ್ತಿಲ್ಲದ ದಾರಿ ಏನಲ್ಲ. 2022ರಲ್ಲಿ, ಈಗಿನ ನೈಜೀರಿಯಾದಲ್ಲಿದ್ದ ಹಳೆಯ ಬೆನಿನ್ ರಾಜ್ಯದ ಕಂಚಿನ ಶಿಲ್ಪಗಳ ಒಡೆತನವನ್ನು ನೈಜೀರಿಯಾಕ್ಕೆ ಬಿಟ್ಟುಕೊಟ್ಟು, ಆ ವರ್ಷದ ಕೊನೆಗೆ 20 ಶಿಲ್ಪಗಳನ್ನು ವಿದೇಶಾಂಗ ಸಚಿವೆಯೇ ಕೊಂಡೊಯ್ದು ಒಪ್ಪಿಸಿದರು. ಅವು ಬ್ರಿಟಿಷರು ಲೂಟಿ ಮಾಡಿದವು, ಇದು ಹಾಗಲ್ಲ ಎಂದು ಬರ್ಲಿನ್ ಹೇಳಬಹುದು. ಒಡೆತನದ ಜಗಳವನ್ನು ಪಕ್ಕಕ್ಕಿಟ್ಟು ಕೆಲವು ವರ್ಷಗಳ ಸಾಲದಿಂದಲಾದರೂ ಶುರು ಮಾಡಬಹುದು. ಅದಕ್ಕೆ ಯಾವ ಕಾನೂನೂ ಅಡ್ಡ ಬರುವುದಿಲ್ಲ.

ಅಮರ್ನಾದ ಗಡಿಕಲ್ಲಿನಲ್ಲಿ, ರಾಣಿ ಹೇಳಿದರೂ ಕೇಳುವುದಿಲ್ಲ ಎಂಬ ಆಣೆ ಇರುವ ಅದೇ ಶಾಸನದಲ್ಲಿ, ಇನ್ನೊಂದು ಕಟ್ಟಪ್ಪಣೆ ಇದೆ. ರಾಜ ಮೊದಲು ತನ್ನ ಸಾವಿನ ಬಗ್ಗೆ ಹೇಳುತ್ತಾನೆ, ಆಮೇಲೆ ಅವಳದು. ಪಟ್ಟದ ರಾಣಿ ನೆಫರ್ಟಿಟಿ ಇನ್ನು ಲಕ್ಷಾಂತರ ವರ್ಷಗಳಲ್ಲಿ ಯಾವುದೇ ಊರಿನಲ್ಲಿ ಸತ್ತರೂ, ಉತ್ತರವಿರಲಿ, ದಕ್ಷಿಣವಿರಲಿ, ಪೂರ್ವ ಪಶ್ಚಿಮವಿರಲಿ, ಅವಳನ್ನು ಅಖೆತಾತನ್‌ಗೆ ಕರೆತನ್ನಿ.